ಕಪಾಟಿನ ಕೆಳಗಿನ ಬಂಗಾರ

ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಸಾಮಾನುಗಳು ತಮ್ಮ ಯೋಗ್ಯತೆಗಿಂತ ಹೆಚ್ಚು ಹೊಳೆಯುತ್ತಿದ್ದರೆ ಅದಕ್ಕೆ ಅಪ್ಪನೇ ಕಾರಣ. ಗಾಜಿನ ಶೋಕೇಸುಗಳಿಗೆ ಲೈಟು ಕೂರಿಸುವುದು ಅವನ ಕಸುಬು. ಚಪ್ಪಲಿ ಅಂಗಡಿಯ ಕಪ್ಪು ಬೂಟು ಈಗಷ್ಟೇ ನೀರಿನಿಂದ ಎದ್ದಂತೆ ಮಿನುಗುವುದು, ಕನ್ನಡಕದ ಅಂಗಡಿಯ ಖಾಲಿ ಫ್ರೇಮುಗಳು ದಾರಿಹೋಕರನ್ನೇ ದಿಟ್ಟಿಸುವುದು, ಬೇಕರಿಯ ನಿನ್ನೆಯ ಬ್ರೆಡ್ಡು ಬಿಸಿಬಿಸಿಯಾಗಿ ಕಾಣುವುದು, ಎಲ್ಲವೂ ಅವನ ಕೈಚಳಕ. ಹೀಗೆ ಊರಿಗೆಲ್ಲ ಬೆಳಕು ಹಂಚಿ ಮನೆಗೆ ಬಂದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರಿದ್ದೀರ ಒಳಗೆ?" ಎಂದು ಕೇಳುತ್ತಿದ್ದ. ನಮ್ಮ ಅಡುಗೆಮನೆ ಅಷ್ಟು ಕತ್ತಲು.

ದೀಪವೇ ಇರಲಿಲ್ಲವೆಂದಲ್ಲ. ಕೋಣೆಯ ನಡುಮಧ್ಯೆ ಒಂದು ಬಲ್ಬು ತೂಗುತ್ತಿತ್ತು. ಆದರೆ ಅದು ಬೆಳಕು ಕೊಡುತ್ತಿದ್ದುದು ಕಟ್ಟೆಯ ಮುಂದೆ ನಿಂತವರ ಬೆನ್ನಿಗೆ. ಕಟ್ಟೆಯ ಮೇಲೆ ಬೀಳುತ್ತಿದ್ದುದು ಅಮ್ಮನ ನೆರಳು, ಅದು ಸಾಲದೆಂಬಂತೆ ಗೋಡೆಗೆ ಹೊಡೆದ ಮರದ ಕಪಾಟುಗಳ ನೆರಳು.

"ತರಕಾರಿ ಹೆಚ್ತಿದೀನೋ ನನ್ನ ನೆರಳನ್ನ ಹೆಚ್ತಿದೀನೋ ಗೊತ್ತಾಗಲ್ಲ," ಎಂದು ಅಮ್ಮ ಹೇಳುತ್ತಲೇ ಬಂದಿದ್ದಳು. "ಆ ಕಪಾಟಿನ ಕೆಳಗೆ ಒಂದು ಲೈಟು ಹಾಕ್ಕೊಡಿ ಅಂದ್ರೆ ಇವರಿಗೆ ಪುರುಸೊತ್ತಿಲ್ಲ. ಚಪ್ಪಲಿಗಿರೋ ಭಾಗ್ಯ ನನಗಿಲ್ಲ."

"ಹಾಕ್ತೀನಿ ಹಾಕ್ತೀನಿ. ಒಳ್ಳೆ ಮಾಲು ಬರ್ಲಿ," ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ಅಮ್ಮ ದಿನಾ ಬೆಳಕು ಹರಿಯುವ ಮುಂಚೆ ಬನ್ನು ಬೇಯಿಸುತ್ತಾಳೆ. ರಸ್ತೆಯಾಚೆ, ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಗೆ. ಮೊದಲ ಬಸ್ಸಿನ ಡ್ರೈವರು ಅಮ್ಮನ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನದೆ ಗೇರು ಹಾಕುವುದಿಲ್ಲವೆಂದು ಪ್ರತೀತಿ. ಚಹಾದಂಗಡಿಯವರನ್ನು ನಾವು ಮನೆಯಲ್ಲಿ 'ಪರವಾಗಿಲ್ಲ' ಎಂದೇ ಕರೆಯುವುದು. ಹಾಲು ಒಡೆದರೂ, ಗಿರಾಕಿ ಲೋಟ ಒಡೆದರೂ ಅವರ ಬಾಯಿಂದ ಬರುವುದು ಆ ಒಂದೇ ಮಾತು. ದಿನವಿಡೀ ಮನೆಯಲ್ಲಿ ಮಾಡುವ ಕೆಲಸಕ್ಕೆ ಅಮ್ಮನನ್ನು ಯಾರೂ ಹೊಗಳುವುದಿಲ್ಲ, ಬನ್ನಿಗೆ ಮಾತ್ರ ಗುರುತು ಪರಿಚಯ ಇಲ್ಲದವರೂ ರಸ್ತೆಯಲ್ಲಿ ನಿಲ್ಲಿಸಿ, "ಆ ಬನ್ನು ನಿಮ್ಮದಾ?" ಎಂದು ಕೇಳುತ್ತಾರೆ. ಅಂಥ ದಿನ ಅಮ್ಮ ಏನೂ ಕೆಲಸವಿಲ್ಲದಿದ್ದರೂ ಇನ್ನೊಂದು ಸಲ ಅದೇ ರಸ್ತೆಯಲ್ಲಿ ಹೋಗಿಬರುತ್ತಾಳೆ.

ಬನ್ನು ಬೆಂದಿತೋ ಇಲ್ಲವೋ ಎಂದು ಅವಳು ಹೇಳುವುದು ಬಣ್ಣ ನೋಡಿ. "ಗಡಿಯಾರ ನೋಡ್ಕೊಂಡು ಬಿಡೋಕೆ ಇದೇನು ಬಸ್ಸಾ?" ಎನ್ನುತ್ತಾಳೆ. ಓವನ್ನಿನಿಂದ ತಟ್ಟೆಯನ್ನು ಹೊರಗೆಳೆದು ಕಟ್ಟೆಯ ಮೇಲಿಟ್ಟು ಬನ್ನುಗಳ ನೆತ್ತಿ ನೋಡುವುದು. ಸಾಲದೆಂದರೆ ಮತ್ತೆ ಒಳಗೆ ದಬ್ಬುವುದು. ಆ ಕತ್ತಲ ಕಟ್ಟೆಯ ಮೇಲೆ ನೆತ್ತಿ ಕಾಣಬೇಕಾದರೆ ಟಾರ್ಚು ಬೇಕು. ಟಾರ್ಚು ಹಿಡಿಯುವವಳು ನಾನು.

ನಾನು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಕೆಲಸಗಳಿಗೆ ಅರ್ಜಿ ಹಾಕಿ, ಸಂದರ್ಶನಕ್ಕೆ ಮಾತ್ರ ಕರೆಯದಿರಲಿ ಎಂದು ಹಾರೈಸುತ್ತ ಮನೆಯಲ್ಲಿದ್ದೆ. ಅಪರಿಚಿತರ ಮುಂದೆ ನನ್ನ ನಾಲಿಗೆ ಹೊರಳುವುದಿಲ್ಲ. ಪರಿಚಿತರ ಮುಂದೂ ಅಷ್ಟಕ್ಕಷ್ಟೇ. ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟು, ಹೇಳಿಯಾಯಿತೆಂದು ಸಮಾಧಾನಪಟ್ಟುಕೊಳ್ಳುವ ಪೈಕಿ. ಆದರೆ ಟಾರ್ಚು ಹಿಡಿದ ಆ ಹೊತ್ತಿನಲ್ಲಿ ನನ್ನ ಮುಖ ಕತ್ತಲಲ್ಲಿರುತ್ತಿತ್ತು, ಬನ್ನಿನ ಮುಖ ಬೆಳಕಿನಲ್ಲಿ. ಅಮ್ಮ ಬನ್ನನ್ನು ನೋಡುತ್ತಲೇ ನನ್ನೊಡನೆ ಮಾತಾಡುತ್ತಿದ್ದಳು, ನಾನು ಉತ್ತರಿಸುತ್ತಿದ್ದೆ. "ಮೇಲೆ ಹಿಡಿ. ನನ್ನ ಕಣ್ಣಿಗಲ್ವೇ, ಬನ್ನಿಗೆ. ಹ್ಞೂಂ, ಆಮೇಲೆ ಆ ನಿನ್ನ ಗೆಳತಿ ಏನಂದ್ಳು?" ದಿನದ ಉಳಿದ ಹೊತ್ತಿನಲ್ಲಿ ಸಿಗದ ಅಮ್ಮ ಅಲ್ಲಿ ಸಿಗುತ್ತಿದ್ದಳು.

ಒಂದು ಸಂಜೆ ಅಪ್ಪ ಎಲ್ಇಡಿ ಪಟ್ಟಿಗಳ ಸುರುಳಿಗಳನ್ನು ಕೊರಳಿಗೆ ಹಾಕಿಕೊಂಡು ಗೆದ್ದುಬಂದವನಂತೆ ಒಳಗೆ ಕಾಲಿಟ್ಟ. "ಬಂತು ಕಣೇ ಒಳ್ಳೆ ಮಾಲು! ಎಲ್ಲರೂ ಬನ್ನಿ, ಬಣ್ಣ ಆರಿಸ್ಬೇಕು."

ಬೆಳಕಿನಲ್ಲಿ ಮೂರು ಬಣ್ಣಗಳಿದ್ದವು. ಒಂದು ಅಚ್ಚ ಬಿಳಿ. ಇನ್ನೊಂದನ್ನು ಅಪ್ಪ 'ಹಗಲು' ಎಂದು ಕರೆದ. ಮೂರನೆಯದರ ಹೆಸರನ್ನು ಸ್ವಲ್ಪ ತಡೆದು, ಗತ್ತಿನಿಂದ ಹೇಳಿದ: 'ಬೇಕರಿ ಬಂಗಾರ'. ಪರೀಕ್ಷೆ ಮಾಡಲು ಎದುರಿಗೆ ಏನಾದರೂ ಬೇಕಲ್ಲ. ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ಅಪ್ಪ ತನ್ನ ತಾಯಿಯ ಮುಖದ ಮೇಲೆಯೇ ಬೆಳಕು ಬಿಟ್ಟ.

ಬಿಳಿ ಬೆಳಕಿನಲ್ಲಿ ಅಜ್ಜಿ ಆಪರೇಷನ್ನಿಗೆ ಮಲಗಿಸಿದವಳಂತೆ ಕಂಡಳು. "ತೆಗೆಯೋ! ನಾನಿನ್ನೂ ಬದುಕಿದೀನಿ," ಎಂದು ಗದರಿದಳು. 'ಹಗಲು' ಹಾಕಿದಾಗ ಕೈಗನ್ನಡಿ ತರಿಸಿ ನೋಡಿಕೊಂಡಳು. "ಇದೇನೋ ಇದು, ಇದ್ದ ಹಾಗೇ ಕಾಣ್ತೀನಲ್ಲೋ. ಇದಕ್ಕೆ ದುಡ್ಡು ಬೇರೆ ಕೊಡ್ಬೇಕಾ?" ಕೊನೆಗೆ ಬಂಗಾರ ಹೊತ್ತಿತು. ಅಜ್ಜಿಯ ಕೆನ್ನೆಗಳಿಗೆ ಎಲ್ಲಿಂದಲೋ ರಕ್ತ ಬಂತು, ಸುಕ್ಕುಗಳೆಲ್ಲ ಯಾರೋ ಇಸ್ತ್ರಿ ಮಾಡಿದಂತೆ ಮಾಯವಾದವು. ಅವಳು ಕನ್ನಡಿಯನ್ನು ಕೆಳಗಿಡಲೇ ಇಲ್ಲ.

"ನನ್ನ ವೋಟು ಇದಕ್ಕೆ," ಎಂದಳು.

ಅಮ್ಮ ತನ್ನ ಕೈಯನ್ನು ಆ ಬೆಳಕಿನ ಕೆಳಗೆ ಚಾಚಿದಳು. ಪಾತ್ರೆ ತೊಳೆದು ಒರಟಾದ, ಓವನ್ನಿನ ಸುಟ್ಟ ಗಾಯಗಳ ಗೆರೆಗಳಿದ್ದ ಕೈ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ನ ಕೈಯಾ?" ಎಂದು ಕೇಳಿದಳು. ಅವಳ ವೋಟೂ ಬಂಗಾರಕ್ಕೇ ಬಿತ್ತು.

"ನೀನೇನಂತೀಯಮ್ಮ, ಬೆಳಕಿನ ವಿಷಯ ಓದಿದೋಳು?" ಎಂದು ಅಪ್ಪ ನನ್ನತ್ತ ತಿರುಗಿದ. ಬೆಳಕಿನ ಅಧ್ಯಾಯದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೆ ಆ ಅಧ್ಯಾಯದಲ್ಲಿ ಅಡುಗೆಮನೆ ಇರಲಿಲ್ಲ. ನಾನು ತಲೆಯಾಡಿಸಿದೆ. ಅದನ್ನು ಹೌದೆಂದೂ ಓದಬಹುದಿತ್ತು, ಇಲ್ಲವೆಂದೂ. ಅಪ್ಪ ಹೌದೆಂದೇ ಓದಿಕೊಂಡ.

ಮಾರನೆಯ ದಿನ ರಜೆ ಹಾಕಿ ಅಪ್ಪ ಕಟ್ಟೆಯ ಮೇಲೆ ಅಂಗಾತ ಮಲಗಿದ. ತಲೆ ಸಿಂಕಿನ ಅಂಚಿಗೆ, ಕಾಲು ಒಲೆಯ ಆಚೆಗೆ, ಬಾಯಲ್ಲಿ ಸ್ಕ್ರೂಗಳು. ಪಟ್ಟಿಯ ಹಿಂದಿನ ಅಂಟು ಕಪಾಟಿನ ತಳಕ್ಕೆ ಹಿಡಿಯಲಿಲ್ಲ. ವರ್ಷಗಳ ಒಗ್ಗರಣೆಯ ಜಿಡ್ಡು ಅಲ್ಲಿ ಇನ್ನೊಂದು ಪದರ ಬಣ್ಣದಂತೆ ಕೂತಿತ್ತು. ಅಪ್ಪ ಸ್ಪಿರಿಟ್ಟಿನಲ್ಲಿ ಒರೆಸಿದ, ಅಂಟಿಸಿದ; ಪಟ್ಟಿ ನಿಧಾನವಾಗಿ ಬಿಚ್ಚಿಕೊಂಡು ಅವನ ಮುಖದ ಮೇಲೆ ಬಿತ್ತು.

"ಅಂಗಡಿಯಲ್ಲಿ ಹೀಗಾಗಲ್ಲ," ಎಂದ ಅಪ್ಪ, ಸ್ಕ್ರೂಗಳ ನಡುವಿನಿಂದ.

"ಅಂಗಡಿಯಲ್ಲಿ ಚಪ್ಪಲಿ ಒಗ್ಗರಣೆ ಹಾಕಲ್ವಲ್ಲ," ಎಂದಳು ಅಮ್ಮ.

ಅಂಟಿನ ಸಹವಾಸ ಬಿಟ್ಟು ಅಪ್ಪ ಅಲ್ಯೂಮಿನಿಯಂ ಚಾನೆಲ್ ತಂದು, ಪಟ್ಟಿಯನ್ನು ಅದರೊಳಗೆ ಕೂರಿಸಿ, ಕಪಾಟಿನ ಮುಂದಂಚಿಗೆ ಸ್ಕ್ರೂ ಹೊಡೆದ. ಸ್ಕ್ರೂ ಸ್ವಲ್ಪ ಉದ್ದವಾಯಿತು. ಮರವನ್ನು ದಾಟಿ ಒಳಗಿದ್ದ ಸಕ್ಕರೆ ಚೀಲಕ್ಕೆ ಚುಚ್ಚಿತು. ಅಪ್ಪ ಅದನ್ನು ತಿರುಗಿಸಿ ಹೊರಗೆ ತೆಗೆದದ್ದೇ ತಡ, ತೂತಿನಿಂದ ಸಕ್ಕರೆ ಸಣ್ಣ ಧಾರೆಯಾಗಿ ಅವನ ಕಿವಿಯೊಳಗೆ ಇಳಿಯತೊಡಗಿತು. ಕೈ ಬಿಟ್ಟರೆ ಚಾನೆಲ್ ಬೀಳುತ್ತದೆ, ಬಿಡದಿದ್ದರೆ ಕಿವಿ ತುಂಬುತ್ತದೆ. "ಯಾರಾದ್ರೂ ಬನ್ರೋ!" ಎಂದು ಅವನು ಕೂಗಿದಾಗ ಅಜ್ಜಿ ಸ್ಟೂಲಿನಿಂದ ಎದ್ದು, ಒಂದು ಬಟ್ಟಲು ತಂದು ಅವನ ಕಿವಿಯ ಪಕ್ಕ ಹಿಡಿದಳು. "ಸಕ್ಕರೆ ಹಾಳಾಗ್ಬಾರ್ದು ನೋಡು."

ಕೊನೆಗೂ ಲೈಟು ಹೊತ್ತಿದಾಗ ಅಪ್ಪ ಅಡುಗೆಮನೆಯಲ್ಲಿ ನಿಲ್ಲಲೇ ಇಲ್ಲ. ಅಂಗಡಿಯ ಕೆಲಸ ಮುಗಿದಾಗ ಮಾಡುವಂತೆ ಸೀದಾ ಹೊರಗೆ ಓಡಿ, ರಸ್ತೆಯ ಆಚೆಬದಿಯ ಫುಟ್‌ಪಾತಿನಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಕಿಟಕಿಯ ಮೂಲಕ ನಮ್ಮ ಅಡುಗೆಮನೆಯನ್ನು ನೋಡಿದ. "ಬಂಗಾರ! ರಸ್ತೆಯಿಂದ ಬಂಗಾರದ ಹಾಗೆ ಕಾಣ್ತಿದೆ ಕಣೇ!"

"ನಾನೇನು ರಸ್ತೆಯಲ್ಲಿ ನಿಂತು ಅಡುಗೆ ಮಾಡ್ತೀನಾ?" ಎಂದು ಅಮ್ಮ ಕಿಟಕಿಯಿಂದ ಕೂಗಿದಳು. ಕೂಗಿದರೂ ನಗುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, ಇಲ್ಲಿ ಬನ್ನು ಮಾರುತ್ತೀರಾ ಎಂದು ಕೇಳಿದರು. ಅಪ್ಪನ ಜೀವನದಲ್ಲೇ ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ.

ನಾನು ಟಾರ್ಚನ್ನು ಚಮಚಗಳ ಡ್ರಾಯರಿನಲ್ಲಿಟ್ಟೆ. "ಇನ್ನು ನೀನು ಬೇಗ ಏಳ್ಬೇಕಾಗಿಲ್ಲ, ಮಲಗಿರು ಮರಿ. ಬನ್ನಾದ್ಮೇಲೆ ಎಬ್ಬಿಸ್ತೀನಿ, ಅಂಗಡಿಗೆ ಕೊಟ್ಟು ಬಂದ್ರಾಯ್ತು," ಎಂದಳು ಅಮ್ಮ. ಅವಳು ಪ್ರೀತಿಯಿಂದಲೇ ಹೇಳಿದಳು. ನನಗೆ ಮಾತ್ರ ಕೆಲಸದಿಂದ ತೆಗೆದ ಹಾಗಾಯಿತು.

ಕೆಲವೇ ದಿನಗಳಲ್ಲಿ ತಕರಾರು ಶುರುವಾಯಿತು. ಬುಟ್ಟಿ ಕೊಡಲು ಹೋದಾಗ ಚಹಾದಂಗಡಿಯವರು ಬನ್ನನ್ನು ಕೈಯಲ್ಲಿ ಹಿಡಿದು ಆಕಾಶ ನೋಡಿದರು, ಬಸ್ಸು ನೋಡಿದರು, ಕೊನೆಗೆ, "ಅಮ್ಮನಿಗೆ ಹುಷಾರಿದ್ಯಾ?" ಎಂದರು. ನಾನು ತಲೆಯಾಡಿಸಿದೆ. "ಬನ್ನು ಒಳಗೆ ಸ್ವಲ್ಪ ಹಸಿ ಇತ್ತು ನಿನ್ನೆ. ಪರವಾಗಿಲ್ಲ."

ಮಾರನೆಯ ದಿನ ಹಸಿ ಇನ್ನೂ ಹೆಚ್ಚಾಗಿತ್ತು. ಡ್ರೈವರು ಬನ್ನನ್ನು ಚಹಾದಲ್ಲಿ ಅದ್ದಿದರೆ ಮೇಲೆ ಬಂದದ್ದು ಅವನ ಬೆರಳು ಮಾತ್ರವಂತೆ. ನಾನು ಮನೆಗೆ ಬಂದು ಅರ್ಧ ಮಾತಿನಲ್ಲಿ ಹೇಳಿದೆ.

"ಹಸಿ ಹೇಗಾಗತ್ತೆ?" ಎಂದು ಅಮ್ಮ ಉಳಿದಿದ್ದ ಬನ್ನನ್ನು ಲೈಟಿನ ಕೆಳಗೆ ಹಿಡಿದಳು. "ನೋಡು, ಬಣ್ಣ ಎಷ್ಟು ಹದವಾಗಿದೆ!" ಮುರಿದು ನೋಡಿದರೆ ಒಳಗೆ ಹಿಟ್ಟು ಹಿಟ್ಟು. ಅಮ್ಮ ಹುಬ್ಬು ಗಂಟಿಕ್ಕಿದಳು. ಮೇಲೆ ಬೆಂದು ಒಳಗೆ ಬೇಯದಿದ್ದರೆ ಓವನ್ನಿನ ಬಿಸಿ ಜಾಸ್ತಿ ಎಂದರ್ಥ. ಬನ್ನು ಬೇಯಿಸುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅವಳು ಬಿಸಿ ತಗ್ಗಿಸಿದಳು. ಅದರ ಮಾರನೆಯ ದಿನದ ಬನ್ನಿನಿಂದ ಗೊಂಬೆ ಮಾಡಬಹುದಿತ್ತು.

ಅಪ್ಪ ಹಿಟ್ಟನ್ನು ಬೈದ. "ಈಗಿನ ಹಿಟ್ಟಲ್ಲಿ ಏನೂ ಇರಲ್ಲ ಕಣೇ." ಹಿಟ್ಟು ಬದಲಾಯಿತು, ಈಸ್ಟ್ ಬದಲಾಯಿತು. ಬಿಸಿ ಇನ್ನಷ್ಟು ಇಳಿಯಿತು. ಮನೆಯಲ್ಲಿ ಒಬ್ಬಳು ಮಾತ್ರ ಸಂತೋಷದಿಂದಿದ್ದಳು. ಬಾಯಲ್ಲಿ ಹಲ್ಲಿಲ್ಲದ ಅಜ್ಜಿ ಬನ್ನನ್ನು ಒಸಡಿನಲ್ಲೇ ಒತ್ತಿ ನುಂಗಿ, "ಇಷ್ಟು ವರ್ಷಕ್ಕೆ ನಿನ್ನ ಕೈ ಹದಕ್ಕೆ ಬಂತು ನೋಡೇ ಸೊಸೆ. ಏನು ಮೃದು, ಏನು ಮೃದು!" ಎಂದು ಕೊಂಡಾಡಿದಳು. ಅತ್ತೆಯ ಬಾಯಿಂದ ಎಂದೂ ಬರದ ಹೊಗಳಿಕೆ ಈಗ ಬಂದದ್ದು ಅಮ್ಮನಿಗೆ ಎಲ್ಲಕ್ಕಿಂತ ದೊಡ್ಡ ಅಪಶಕುನವಾಗಿ ಕಂಡಿತು.

ಆ ವಾರ ಚಹಾದಂಗಡಿಯವರು ನನ್ನ ಕೈಯಿಂದ ಬುಟ್ಟಿ ತೆಗೆದುಕೊಳ್ಳುವಾಗ ನೆಲ ನೋಡುತ್ತ, "ಶನಿವಾರದವರೆಗೆ ನೋಡೋಣಮ್ಮ. ಆಮೇಲೆ ಫ್ಯಾಕ್ಟರಿ ವ್ಯಾನಿಗೆ ಹೇಳ್ಬೇಕಾಗತ್ತೆ. ಗಿರಾಕಿಗಳು ಬಿಡ್ತಿಲ್ಲ," ಎಂದರು. ನಾನು ಕಾದೆ. ಅವರು 'ಪರವಾಗಿಲ್ಲ' ಎನ್ನಲಿಲ್ಲ.

ಅಮ್ಮ ಈ ಸುದ್ದಿ ಕೇಳಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಎರಡೂ ಕೈಗಳನ್ನು ಲೈಟಿನ ಕೆಳಗೆ ಚಾಚಿ ನೋಡಿಕೊಂಡಳು. "ಕೈಗುಣ ಅಂತ ಒಂದಿರತ್ತೆ ಮರಿ. ಬಂದ ಹಾಗೇ ಹೋಗತ್ತೆ. ಕಣ್ಣಿಗೆ ಬೆಂದ ಹಾಗೇ ಕಾಣತ್ತೆ, ಒಳಗೆ ಹಸಿ. ಇನ್ನು ಸಾಕು. ನೀನು ಚೆನ್ನಾಗಿ ಬರೀತೀಯಲ್ಲ, 'ಓವನ್ ಮಾರಾಟಕ್ಕಿದೆ' ಅಂತ ದಪ್ಪಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸು."

ಬರೆದೆ. ಆದರೆ ಅಕ್ಷರಗಳನ್ನು ಎಷ್ಟು ಸಣ್ಣದಾಗಿ ಬರೆದೆನೆಂದರೆ ಗೇಟಿಗೆ ಮೂಗು ತಾಗಿಸಿದವರಿಗೆ ಮಾತ್ರ ಓವನ್ ಸಿಗಬಹುದಿತ್ತು. ಮಾರನೆಯ ಬೆಳಿಗ್ಗೆ ಅದನ್ನು ಅಂಟಿಸಿ ಬರುವಾಗ ಅಂದು ಕೊಡಬೇಕಾದ ಬುಟ್ಟಿ ಜಗಲಿಯಲ್ಲಿತ್ತು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಬಟ್ಟೆ ಸರಿದು ಕಂಡ ಬನ್ನುಗಳು ಬಿಳಿಚಿಕೊಂಡಿದ್ದವು. ನಾನು ನಿಂತೆ. ಇವೇ ಬನ್ನುಗಳನ್ನು ಈಗಷ್ಟೇ ಕಟ್ಟೆಯ ಮೇಲಿಂದ ಬುಟ್ಟಿಗೆ ಹಾಕಿದ್ದೆ, ಆಗ ಹೊಂಬಣ್ಣವಿತ್ತು. ಒಂದನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದೆ: ಬೆಂದಿತು. ಜಗಲಿಗೆ ತಂದೆ: ಹಸಿಯಾಯಿತು. ಹೊಸ್ತಿಲ ಮೇಲೆ ನಿಂತು ಕೈಯನ್ನು ಒಳಗೂ ಹೊರಗೂ ಆಡಿಸಿದೆ. ಅಪ್ಪನ ಲೈಟು ಅಂಗಡಿಯಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಪ್ರಾಮಾಣಿಕವಾಗಿ ಮಾಡುತ್ತಿತ್ತು. ಬ್ರೆಡ್ಡು ಬೇಯುವ ಮೊದಲೇ ಬೆಂದಂತೆ ತೋರಿಸುತ್ತಿತ್ತು.

ತಕ್ಷಣ ಓಡಿಹೋಗಿ ಹೇಳಬೇಕಿತ್ತು. ಹೇಳುವಂತಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮೊದಲನೆಯದಾಗಿ ಅಪ್ಪ. ಇಷ್ಟು ವರ್ಷಕ್ಕೆ ಒಮ್ಮೆ ಹೆಂಡತಿಗೆ ಬೆಳಕು ಕೊಟ್ಟು, ದಿನಾ ಸಂಜೆ ರಸ್ತೆಯಾಚೆ ನಿಂತು ಅದನ್ನು ನೋಡಿ ಬರುತ್ತಿದ್ದಾನೆ. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಗುಮಾನಿ. ಆ ಲೈಟು ಬಂದು ನನ್ನ ಟಾರ್ಚು ಡ್ರಾಯರು ಸೇರಿತು. ಲೈಟಿನಲ್ಲಿ ಐಬಿದೆಯೆಂದು ನನಗೆ ಕಾಣುತ್ತಿರುವುದು ಕಣ್ಣಿನಿಂದಲೋ ಹೊಟ್ಟೆಕಿಚ್ಚಿನಿಂದಲೋ? ಡೈರಿಯಲ್ಲಿ ಇದನ್ನೇ ನಾಲ್ಕಾರು ಬಗೆಯಲ್ಲಿ ಬರೆದೆ. ಕನ್ನಡಿಯ ಮುಂದೆ ನಿಂತು, 'ಅಮ್ಮ, ನಿನ್ನ ಕೈ ಸರಿಯಾಗೇ ಇದೆ, ಲೈಟು ಸರಿಯಿಲ್ಲ' ಎಂದು ಅಭ್ಯಾಸ ಮಾಡಿದೆ. ಚೆನ್ನಾಗಿ ಬಂತು. ಅಡುಗೆಮನೆಗೆ ಹೋಗಿ ಬಾಯಿ ತೆರೆದೆ.

"ಅಮ್ಮ."

"ಏನೇ?"

"ಉಪ್ಪು ಖಾಲಿಯಾಗಿದೆ."

"ನಿನ್ನೆ ತಾನೇ ತಂದಿದೀನಲ್ಲೇ," ಎಂದಳು ಅಮ್ಮ.

ಶನಿವಾರ ಬಂತು. ನಾನು ಎದ್ದು ಬರುವಷ್ಟರಲ್ಲಿ ಅಮ್ಮ ಕೊನೆಯ ತಟ್ಟೆಯನ್ನು ಹೊರಗೆಳೆದು ಕಟ್ಟೆಯ ಮೇಲಿಟ್ಟಿದ್ದಳು. ಬಂಗಾರದ ಬೆಳಕಿನಲ್ಲಿ ಬನ್ನುಗಳು ಸಾಲಾಗಿ ಮಿರಮಿರ ಮಿಂಚುತ್ತಿದ್ದವು. ಅಜ್ಜಿ ಸ್ಟೂಲಿನ ಮೇಲೆ, ಅಪ್ಪ ಹಲ್ಲುಜ್ಜುತ್ತ ಬಾಗಿಲಲ್ಲಿ. ಆಗ ಗೇಟು ಸದ್ದಾಯಿತು. ಚಹಾದಂಗಡಿಯವರು ತಾವೇ ಬಂದಿದ್ದರು. ಇಷ್ಟು ವರ್ಷದ ವ್ಯವಹಾರವನ್ನು ಹುಡುಗಿಯ ಕೈಯಲ್ಲಿ ಹೇಳಿಕಳಿಸಿ ಮುಗಿಸಲು ಮನಸ್ಸಾಗಲಿಲ್ಲವೇನೋ. ಚಪ್ಪಲಿ ಬಿಟ್ಟು, ಕೈ ಉಜ್ಜಿಕೊಳ್ಳುತ್ತ ಅಡುಗೆಮನೆಗೆ ಬಂದವರು ಏನೋ ಹೇಳಲು ಬಾಯಿ ತೆರೆದರು. ತಟ್ಟೆ ಕಂಡಿತು. ತೆರೆದ ಬಾಯಿ ಹಾಗೇ ಉಳಿಯಿತು.

"ಅಕ್ಕಾ! ಏನಕ್ಕಾ ಇದು!"

"ಏನಾಯ್ತಣ್ಣ?"

"ಇಷ್ಟು ಚೆನ್ನಾಗಿರೋದನ್ನ ಮನೆಯಲ್ಲಿಟ್ಕೊಂಡು ನನಗೆ ಯಾಕಕ್ಕಾ ಆ ಬಿಳಿ ಬನ್ನು ಕಳಿಸ್ತೀರಿ?"

"ಇದನ್ನೇ ಕಳಿಸ್ತಿರೋದು!"

"ಇದಲ್ಲಕ್ಕ. ನನಗೆ ಬರೋದೇ ಬೇರೆ. ಸುಣ್ಣ ಬಳಿದ ಹಾಗಿರತ್ತೆ." ಅವರು ಯೋಚಿಸಿದರು. "ಅಂದ್ರೆ ದಾರಿಯಲ್ಲಿ ಏನೋ ಆಗ್ತಿದೆ."

ಅಡುಗೆಮನೆಯಿಂದ ಅಂಗಡಿಯವರೆಗಿನ ದಾರಿಯಲ್ಲಿ ಇರುವುದು ಒಂದು ಗೇಟು, ಒಂದು ರಸ್ತೆ ಮತ್ತು ನಾನು. ಎಲ್ಲರೂ ನಿಧಾನವಾಗಿ ನನ್ನತ್ತ ತಿರುಗಿದರು.

"ನಾನಂದ್ಕೊಂಡೆ," ಎಂದಳು ಅಜ್ಜಿ. "ಈ ಹುಡುಗಿ ಯಾಕಿಷ್ಟು ಸುಮ್ಮನಿರ್ತಾಳೆ ಅಂತ."

ಅಪ್ಪ ಬಾಯಲ್ಲಿದ್ದ ಬ್ರಷ್ಷು ತೆಗೆದ. "ದಾರಿಯಲ್ಲಿ ಯಾರಿಗಾದ್ರೂ ಬದಲಾಯಿಸಿ ಕೊಡ್ತಿದೀಯೇನಮ್ಮ? ಹೆದರ್ಕೋಬೇಡ, ಹೇಳು."

ಅಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಯಾರನ್ನಾದ್ರೂ ಇಷ್ಟಪಟ್ಟಿದೀಯಾ ಮರಿ? ಬನ್ನು ಬೇಯಿಸೋಕೆ ಬರದೆ ಇರೋನನ್ನ?"

"ಅವನ ಬನ್ನು ಇಲ್ಲಿಗೆ, ಇಲ್ಲೀದು ಅವನಿಗೆ!" ಎಂದು ಚಹಾದಂಗಡಿಯವರು ಒಗಟು ಬಿಡಿಸಿದವರಂತೆ ಚಪ್ಪಾಳೆ ತಟ್ಟಿದರು. "ಒಳ್ಳೆ ಹುಡುಗ ಆಗಿದ್ರೆ ಪರವಾಗಿಲ್ಲಕ್ಕ!"

ಇರದ ಒಬ್ಬ ಹುಡುಗನಿಗೆ ಆ ಅಡುಗೆಮನೆಯಲ್ಲಿ ಕ್ಷಣಮಾತ್ರದಲ್ಲಿ ಮೀಸೆ, ಓವನ್ನು, ಕೆಟ್ಟ ಕೈಗುಣ ಎಲ್ಲ ಬಂದುಬಿಟ್ಟವು. ಅವನ ಜಾತಕ ಬಿಟ್ಟು ಉಳಿದದ್ದೆಲ್ಲ ಚರ್ಚೆಯಾಗುತ್ತಿತ್ತು. ಕನ್ನಡಿಯ ಮುಂದೆ ಅಷ್ಟು ಚೆನ್ನಾಗಿ ಬಂದಿದ್ದ ವಾಕ್ಯದ ಮೊದಲ ಅಕ್ಷರವೂ ನೆನಪಾಗಲಿಲ್ಲ. ಅಮ್ಮ ಮಾತ್ರ ಈಗ ನನ್ನನ್ನು ನೋಡುತ್ತಿರಲಿಲ್ಲ. ತಟ್ಟೆಯ ಕಡೆ, ಅವಳ ಪಾಲಿನ ಕೊನೆಯ ತಟ್ಟೆಯ ಕಡೆ ನೋಡುತ್ತಿದ್ದಳು. ನಾನು ಅವರೆಲ್ಲರ ನಡುವೆ ನುಸುಳಿಕೊಂಡು ಹೋಗಿ ಕಪಾಟಿನ ಪಕ್ಕದ ಸ್ವಿಚ್ಚು ಒತ್ತಿದೆ.

ಬಂಗಾರ ಆರಿತು. ಕಿಟಕಿಯಿಂದ ಬೆಳಗಿನ ಬೂದು ಬೆಳಕು ಬಂದು ಕಟ್ಟೆಯ ಮೇಲೆ ಬಿತ್ತು. ತಟ್ಟೆಯ ತುಂಬ ಜ್ವರದಿಂದ ಎದ್ದವರಂಥ ಬನ್ನುಗಳು.

ನಾನು ಸ್ವಿಚ್ಚು ಹಾಕಿದೆ. ಬೆಂದವು. ಆರಿಸಿದೆ. ಹಸಿಯಾದವು.

"ಇನ್ನೊಂದ್ ಸಲ ಹಾಕಮ್ಮ," ಎಂದರು ಚಹಾದಂಗಡಿಯವರು, ಜಾದೂ ನೋಡುವವರ ದನಿಯಲ್ಲಿ. ಹಾಕಿದೆ.

ಅಪ್ಪ ಮುಂದೆ ಬಂದು, ಬಗ್ಗಿ, ಬನ್ನುಗಳ ಮಟ್ಟಕ್ಕೆ ಕಣ್ಣು ತಂದು ನೋಡಿದ. ಅವನ ಮುಖ ಅರಳಿತು. "ನೋಡಿದ್ಯೇನೇ! ಬೇಯಿಸಿದೋಳೇ ಮೋಸ ಹೋಗಿದಾಳೆ ಅಂದ್ರೆ ಇದೆಂಥ ಮಾಲು! ನಾನು ಹೇಳ್ಲಿಲ್ವಾ ಇದಕ್ಕೆ ಸಮ ಇಲ್ಲ ಅಂತ!" ಹೀಗೆಂದವನು ಶಹಭಾಸ್‌ಗಿರಿಗಾಗಿ ಅಮ್ಮನತ್ತ ತಿರುಗಿದ. ಅವಳ ಮುಖ ನೋಡಿದ ಮೇಲೆ ಅವನ ಬಾಯಿಯ ಸುತ್ತಲಿನ ಪೇಸ್ಟು ಒಂದೇ ನಗುತ್ತಿತ್ತು.

"ಹಾಗಾದ್ರೆ ನನ್ನ ಕೈ..." ಎಂದಳು ಅಮ್ಮ.

"ನಿನ್ನ ಕೈಗೆ ಏನೂ ಆಗಿಲ್ಲಮ್ಮ," ಎಂದು ಯಾರೋ ಹೇಳಿದರು. ನಾನೇ ಹೇಳಿದ್ದೆ. ಪರರ ಮುಂದೆ, ಕೇಳುವಷ್ಟು ಗಟ್ಟಿಯಾಗಿ. "ಬೆಂದಿದೆ ಅಂತ ನೀನು ಬೇಗ ತೆಗೀತಿದ್ದೆ. ಬಿಸಿ ಬೇರೆ ಕಮ್ಮಿ ಮಾಡ್ದೆ. ಅಷ್ಟೇ."

ಅಮ್ಮ ಓವನ್ನಿನ ಬಿಸಿಯನ್ನು ಹಳೆಯ ಗುರುತಿಗೆ ತಿರುಗಿಸಿ, ಹಿಡಿಬಟ್ಟೆಯಿಂದ ತಟ್ಟೆ ಹಿಡಿದು ಒಳಗೆ ದಬ್ಬಿ, ಬಾಗಿಲನ್ನು ಕಾಲಿನಿಂದ ಮುಚ್ಚಿದಳು. "ಅಣ್ಣ, ಕೂತ್ಕೊಳ್ಳಿ. ಬನ್ನು ತಗೊಂಡೇ ಹೋಗಿ. ರೀ, ಬಾಯಿ ತೊಳ್ಕೊಂಡು ಬನ್ನಿ. ನೀನು ಆ ಬಂಗಾರ ಆರಿಸು. ಟಾರ್ಚೆಲ್ಲಿಟ್ಟಿದೀಯ?"

ಚಮಚಗಳ ಕೆಳಗಿತ್ತು. ಆ ಬೂದು ಬೆಳಕಿನಲ್ಲಿ ಟಾರ್ಚಿನ ಅಗತ್ಯ ಅಷ್ಟೇನೂ ಇರಲಿಲ್ಲ. ಆದರೂ ಹಿಡಿದೆ. ಅಮ್ಮ ತಟ್ಟೆ ಎಳೆದಳು, ನೋಡಿದಳು, ದಬ್ಬಿದಳು, ಮತ್ತೆ ಎಳೆದಳು. "ಮೇಲೆ ಹಿಡಿ. ಹ್ಞೂಂ. ಎಷ್ಟು ದಿನದಿಂದ ಗೊತ್ತಿತ್ತೇ ನಿನಗೆ?"

"ಎರಡು ದಿನ."

"ಅದಕ್ಕೇನಾ ಉಪ್ಪು ಖಾಲಿಯಾಗಿದ್ದು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, ಬಿಸಿ ಬನ್ನೊಂದನ್ನು ಮುರಿದು ಚಹಾದಂಗಡಿಯವರ ಕೈಗಿಟ್ಟಳು. ಅವರು ಊದಿ, ಕಚ್ಚಿ, ಕಣ್ಣು ಮುಚ್ಚಿ ಅಗಿದರು. ನುಂಗಿದ ಮೇಲೆ ಜೇಬಿನಿಂದ ಫೋನು ತೆಗೆದು ಫ್ಯಾಕ್ಟರಿ ವ್ಯಾನಿನವನಿಗೆ, "ಬರೋದು ಬೇಡಪ್ಪ," ಎಂದರು. ಆ ಕಡೆಯವನು ಏನೋ ಕೂಗಾಡಿದ್ದು ನಮಗೂ ಕೇಳಿಸಿತು. "ಪರವಾಗಿಲ್ಲ," ಎಂದು ಇವರು ಫೋನಿಟ್ಟರು.

ಆ ಸಂಜೆಯೇ ಅಮ್ಮ ಲೈಟಿನ ಅಂಗಡಿಗೆ ತಾನೇ ಹೊರಟಳು, ನನ್ನನ್ನೂ ಎಳೆದುಕೊಂಡು. ಅಪ್ಪ ಸ್ವಲ್ಪ ಹಿಂದೆ, ಸಂಬಂಧವಿಲ್ಲದವನಂತೆ ಬಂದ. ಅಲ್ಲಿ ಅವನನ್ನು ಎಲ್ಲರೂ ಬಲ್ಲರು. "ಯಾವ ಬಣ್ಣ ಬೇಕು ಮೇಡಂ?" ಎಂದು ಕೌಂಟರಿನಾತ ಕೇಳಿದ. ಅಮ್ಮ ಕರವಸ್ತ್ರ ಬಿಚ್ಚಿ ಮೂರು ಬನ್ನುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟಳು. ಒಂದು ಹಸಿ, ಒಂದು ಹದ, ಒಂದು ಬೇಕೆಂದೇ ಸುಟ್ಟದ್ದು.

"ಈ ಮೂರೂ ಮೂರಾಗೇ ಕಾಣ್ಬೇಕು. ಅಂಥ ಲೈಟು ಕೊಡಿ."

ಕೌಂಟರಿನಾತ ಅಪ್ಪನ ಮುಖ ನೋಡಿದ. ಅಪ್ಪ ಗೋಡೆಗೆ ತೂಗಿದ್ದ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದ. ಬಿಳಿಯ ಕೆಳಗೆ ಹಸಿಯೂ ಹದವೂ ಅಣ್ಣತಮ್ಮಂದಿರಂತೆ ಕಂಡವು. ಬಂಗಾರದ ಕೆಳಗೆ ಮೂರೂ ತಿನ್ನುವಂತಿದ್ದವು. 'ಹಗಲು' ಹಾಕಿದಾಗ ಹಸಿ ಹಸಿಯಾಗಿ, ಹದ ಹದವಾಗಿ, ಸುಟ್ಟದ್ದು ಸುಟ್ಟದ್ದಾಗಿ ಕಂಡಿತು. ಅಮ್ಮ ತನ್ನ ಕೈಯನ್ನೂ ಅದರ ಕೆಳಗೆ ಚಾಚಿದಳು. ಒರಟು, ಗಾಯದ ಗೆರೆಗಳು, ಉಗುರಿನ ಸಂದಿಯ ಹಿಟ್ಟು. ಸ್ವಲ್ಪ ಹೊತ್ತು ನೋಡಿ, "ಹ್ಞೂಂ. ಇದೇ," ಎಂದಳು.

ಅಪ್ಪ ಮತ್ತೆ ಕಟ್ಟೆಯ ಮೇಲೆ ಮಲಗಿದ, ಈ ಸಲ ಗಿಡ್ಡ ಸ್ಕ್ರೂಗಳನ್ನು ಬಾಯಲ್ಲಿಟ್ಟುಕೊಂಡು. ಮುಗಿದ ಮೇಲೆ ಅವನ ಕಾಲು ತನ್ನಷ್ಟಕ್ಕೆ ರಸ್ತೆಯ ಕಡೆ ಹೊರಟಿತು. ಬಾಗಿಲವರೆಗೆ ಹೋಗಿ ಹಿಂತಿರುಗಿ ಬಂದು, ಅಮ್ಮನ ಪಕ್ಕದಲ್ಲಿ, ಕಟ್ಟೆಯ ಮುಂದೆ ನಿಂತು ನೋಡಿದ. "ಅಷ್ಟೇನೂ ಚೆನ್ನಾಗಿ ಕಾಣಲ್ಲ ಅಲ್ವಾ?" ಎಂದ.

"ಏನೂ ಚೆನ್ನಾಗಿಲ್ಲ. ಕಪಾಟಿನ ತಳದ ಜಿಡ್ಡೆಲ್ಲ ಕಾಣ್ತಿದೆ," ಎಂದು ಅಮ್ಮ ಸಂತೋಷದಿಂದ ಹೇಳಿದಳು.

ಬಿಚ್ಚಿದ ಬಂಗಾರದ ಪಟ್ಟಿ ಚಹಾದಂಗಡಿಗೆ ಹೋಯಿತು. ಅವರೇ ಕೇಳಿ ತೆಗೆದುಕೊಂಡು ಹೋದರು. ಈಗ ಅವರ ಗಾಜಿನ ಪೆಟ್ಟಿಗೆಯಲ್ಲಿ ಅಮ್ಮನ ಬನ್ನುಗಳು ಬಸ್ ನಿಲ್ದಾಣದ ಆಚೆ ತುದಿಯಿಂದಲೂ ಕಾಣುವಂತೆ ಹೊಳೆಯುತ್ತವೆ, ಅಪ್ಪ ಸಂಜೆ ರಸ್ತೆಯಾಚೆ ನಿಲ್ಲುವುದಕ್ಕೆ ಈಗ ಅಲ್ಲಿಗೆ ಹೋಗುತ್ತಾನೆ. ಗೇಟಿನ ಮೇಲಿನ ನನ್ನ ಚೀಟಿಯನ್ನು ಯಾರೂ ಓದಿರಲೇ ಇಲ್ಲ, ಕಿತ್ತುಹಾಕಿದೆ.

ಸೋತವಳು ಅಜ್ಜಿ ಒಬ್ಬಳೇ. ಹೊಸ ಬೆಳಕಿನಲ್ಲಿ ಬೆಂದ ಮೊದಲ ಬನ್ನನ್ನು ಅವಳ ಕೈಗೆ ಕೊಟ್ಟಾಗ ಒಸಡಿನಲ್ಲಿ ಒತ್ತಿದಳು, ಇನ್ನೊಮ್ಮೆ ಒತ್ತಿದಳು, ಹೊರಗೆ ತೆಗೆದು ನೋಡಿದಳು. "ಮತ್ತೆ ಕೈ ಕೆಡಿಸ್ಕೊಂಡ್ಯಲ್ಲೇ ಸೊಸೆ! ಎಷ್ಟು ಚೆನ್ನಾಗಿ ಕಲಿತಿದ್ದೆ!"

ಅಂದಿನಿಂದ ಅಮ್ಮ ಅವಳಿಗೆಂದು ಎರಡು ಬನ್ನುಗಳನ್ನು ಬೇಗ ತೆಗೆಯುತ್ತಾಳೆ. ಹಸಿಯಿರಬೇಕು, ಆದರೆ ಹೊಟ್ಟೆ ಕೆಡುವಷ್ಟು ಹಸಿಯಿರಬಾರದು; ಅದು ಬಲು ನಾಜೂಕಿನ ಬಣ್ಣ, ತಟ್ಟೆಯನ್ನು ಹೊರಗೆಳೆಯದೆ ಓವನ್ನಿನೊಳಗೇ ನೋಡಿ ಹಿಡಿಯಬೇಕು. ಒಳಗೆ ಕಪಾಟಿನ ಬೆಳಕು ಬೀಳುವುದಿಲ್ಲ.

"ಏಳೇ," ಎಂದು ಅಮ್ಮ ಬಂದು ಹೊದಿಕೆ ಎಳೆಯುತ್ತಾಳೆ. "ಟಾರ್ಚು ಹಿಡಿಯೋರಿಲ್ಲ."